ಗೋಲು ಬೇಕು, ವೀಸಾನೂ ಬೇಕು

ಇಂಡಿಯನ್ ಸೂಪರ್ ಲೀಗ್ ಪಂದ್ಯವನ್ನು ಕಣ್ಣಾರೆ ನೋಡಬೇಕೆಂದರೆ ಮೈಸೂರಿನ ಫುಟ್‌ಬಾಲ್ ಅಭಿಮಾನಿ ಬೆಂಗಳೂರಿನ ರೈಲು ಹತ್ತಿ ಕಂಠೀರವ ಕ್ರೀಡಾಂಗಣಕ್ಕೆ ಹೋಗಬೇಕು. ಬೆಂಗಳೂರು ಎಫ್‌ಸಿ ಈ ಲೀಗಿಗೆ ಕಾಲಿಟ್ಟ 2017-18ರ ಋತುವಿನಲ್ಲಿ ಅಲ್ಲಿ ಹುಚ್ಚು ಹಿಡಿಸಿದ್ದು ವೆನೆಜುವೆಲಾದ ಮಿಕು. ಸ್ಪೇನಿನ ರಾಯೊ ವಾಯೆಕಾನೊ ತಂಡದಿಂದ ಬಂದು ಮೊದಲ ಋತುವಿನಲ್ಲೇ 15 ಗೋಲು ಹೊಡೆದರು.

ಇಂಥವರನ್ನು ಕರೆತರುವುದು ಹೇಗೆ? ನಮ್ಮ ಕ್ಲಬ್‌ಗಳು ಹೆಚ್ಚಾಗಿ ಒಪ್ಪಂದ ಮುಗಿದ ಆಟಗಾರರ ಮೇಲೇ ಕಣ್ಣಿಡುತ್ತವೆ. ಹಳೆಯ ಕ್ಲಬ್‌ಗೆ ವರ್ಗಾವಣೆ ಶುಲ್ಕ ಕಟ್ಟಬೇಕಿಲ್ಲವಲ್ಲ! ಏಜೆಂಟರ ಜೊತೆ ಚೌಕಾಸಿ, ವೈದ್ಯಕೀಯ ಪರೀಕ್ಷೆ, ವೀಸಾ ಎಲ್ಲ ಮುಗಿದರೂ ಸಾಲದು. ಹಿಂದೆ ಆಡಿದ ದೇಶದ ಫುಟ್‌ಬಾಲ್ ಸಂಸ್ಥೆಯಿಂದ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಬರಬೇಕು. ಅದು ಫಿಫಾದ ಗಣಕ ವ್ಯವಸ್ಥೆಯ ಮೂಲಕವೇ ಆಗಬೇಕಾದ ಕೆಲಸ. ಅಲ್ಲಿಯವರೆಗೆ ಎಂಥ ತಾರೆಯಾದರೂ ಗ್ಯಾಲರಿಯಲ್ಲೇ.

2021-22ರಿಂದ ಮೈದಾನದಲ್ಲಿ ಏಕಕಾಲಕ್ಕೆ ನಾಲ್ವರು ವಿದೇಶಿಯರಿಗಷ್ಟೇ ಅವಕಾಶ. ಅದಕ್ಕೂ ಮುಂಚೆ ಐವರು ಆಡಬಹುದಿತ್ತು. ಹೀಗಾಗಿ ತಪ್ಪು ಆಯ್ಕೆ ಈಗ ಇನ್ನಷ್ಟು ದುಬಾರಿ.

ಗೋಲು ಹೊಡೆಯುವವರಿಗೇ ಹಣ ಸುರಿಯುವುದು ಜಾಣತನವಲ್ಲ; ಗೋಲಿಗೆ ದಾರಿ ಮಾಡಿಕೊಡುವವರೂ ಬೇಕು. 2019ರ ಮಾರ್ಚ್‌ನಲ್ಲಿ ಮುಂಬೈನಲ್ಲಿ ನಡೆದ ಲೀಗ್ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಸ್ಪೇನಿನ ಡಿಮಾಸ್ ಡೆಲ್ಗಾಡೊ ಕಾರ್ನರ್ ಒದ್ದರು, ರಾಹುಲ್ ಭೇಕೆ ತಲೆಯೊಡ್ಡಿದರು. ಗೋವಾ ವಿರುದ್ಧ 1-0. ಕಪ್ ಬೆಂಗಳೂರಿಗೆ ಬಂತು.