ಟ್ರೇಲರಿಗೆ ಕಾರ್ಪೆಟ್: ಅಂಟಿಸಬೇಡಿ, ಹಾಸಿ

ಟಿಕೋಟಾ, ಬಬಲೇಶ್ವರ ಭಾಗದಲ್ಲಿ ನಾವು ಬೆಳೆಯುವ ದ್ರಾಕ್ಷಿಯಲ್ಲಿ ಬಹಳಷ್ಟು ಒಣದ್ರಾಕ್ಷಿ ಆಗುತ್ತದೆ. ನನ್ನ ತೋಟದಿಂದ ಒಣಗಿಸುವ ಶೆಡ್ಡಿಗೆ 6 ಕಿ.ಮೀ. ಅದರಲ್ಲಿ ಅರ್ಧ ಹೊಲದ ದಾರಿ. ಕ್ರೇಟಿನಲ್ಲಿ ತುಂಬಿದ ಹಣ್ಣು ಅಷ್ಟು ದೂರ ಕಬ್ಬಿಣದ ತಳದ ಮೇಲೆ ಕುಣಿಯುತ್ತಾ ಹೋಗುತ್ತದೆ. ತಳದ ಮತ್ತು ಅಂಚಿನ ಕ್ರೇಟುಗಳಲ್ಲೇ ಒಡೆದ ಮಣಿ ಹೆಚ್ಚು. ಒಡೆದ ಮಣಿಯ ರಸಕ್ಕೆ ಗಾಳಿ ತಾಗಿದರೆ ಬಣ್ಣ ಕಂದುತ್ತದೆ, ಒಣಗಿದ ಮೇಲೆ ಅದು ಕಪ್ಪು ಕಾಳು. ನಾಲ್ಕು ಕಿಲೋ ಹಸಿ ಹಣ್ಣಿಗೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ ಸಿಗುವುದು. ಅದರಲ್ಲೂ ಕಪ್ಪು ಬೆರೆತರೆ ವ್ಯಾಪಾರಿ ಕೈಯಲ್ಲಿ ಹಿಡಿದು ನೋಡಿ ರೇಟು ಇಳಿಸುತ್ತಾನೆ.

ಹೀಗಾಗಿ ಒಂದು ವರ್ಷ ವಿಜಯಪುರದ ಸ್ಟೇಷನ್ ರಸ್ತೆಗೆ ಹೋಗಿ ಸಮಾರಂಭಗಳಿಗೆ ಹಾಸಿ ಹಳೆಯದಾದ ಕಾರ್ಪೆಟ್ ತಂದೆ. ಟ್ರೇಲರಿನ ಒಳಗೆಲ್ಲ ರಬ್ಬರ್ ಅಂಟು ಬಳಿದು ಗಟ್ಟಿಯಾಗಿ ಕೂಡಿಸಿದೆ. ನಮ್ಮ ಕಾಕಾ ನೋಡಿ, "ಏನಪಾ ತಮ್ಮಾ, ಟ್ರೇಲರಿಗೆ ಜಮಖಾನಿ ಹಾಸೀದಿ, ಬೀಗರನ್ನ ಕರ್ಕೊಂಡು ಬರಾಕ ಹೊಂಟೀಯೇನು?" ಅಂದರು. ಆ ಹಂಗಾಮಿನಲ್ಲಿ ಹಣ್ಣೇನೋ ಚೆನ್ನಾಗಿ ಮುಟ್ಟಿತು. ಆದರೆ ಸೋರಿದ ರಸ ಕಾರ್ಪೆಟಿನೊಳಗೆ ಇಳಿದು ಹುಳಿ ನಾತ ಶುರುವಾಯಿತು, ನೊಣ ಮುತ್ತಿದವು. ಏಪ್ರಿಲ್ ಅಕಾಲ ಮಳೆಯ ನೀರು ಅಡಿಗೆ ಸೇರಿತು, ಹೊರಗೆ ಬರಲಿಲ್ಲ. ಜೂನ್‌ನಲ್ಲಿ ಕಿತ್ತು ನೋಡಿದರೆ ತಳದ ತಗಡು ಹಪ್ಪಳದಂತೆ ಏಳುತ್ತಿತ್ತು. ಹೊಸ ತಗಡು ಬೆಸೆಸಲು ಹೋದ ದುಡ್ಡು ಕಾರ್ಪೆಟಿನ ಬೆಲೆಯ ಎಷ್ಟೋ ಪಟ್ಟು.

ಈಗ ಅಂಟಿನ ಗೊಡವೆಗೇ ಹೋಗುವುದಿಲ್ಲ. ನನ್ನ ಟ್ರೇಲರ್ 11 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ. ತಳಕ್ಕೆ 66 ಚದರ ಅಡಿಯ ಒಂದು ತುಂಡು, ಸುಮ್ಮನೆ ಹಾಸುವುದು. ನಾಲ್ಕು ಬದಿಗೆ ನಾಲ್ಕು ಬೇರೆ ತುಂಡು; ಒಂದೇ ತುಂಡು ಮಾಡಿದರೆ ಹಿಂದಿನ ಬಾಗಿಲು ತೆರೆಯಲು ಬರುವುದಿಲ್ಲ ನೋಡ್ರಿ. ಬದಿಯ ತುಂಡುಗಳನ್ನು ಎರಡೂವರೆ ಅಡಿ ಎತ್ತರಕ್ಕೆ ಕತ್ತರಿಸಿ ಅರ್ಧ ಅಡಿ ಹೊರಗೆ ಮಡಚಬೇಕು. ತಾಡಪತ್ರಿ ಹೊಲಿಯುವವರು ಅಂಚಿಗೆ ಹಿತ್ತಾಳೆ ರಿಂಗ್ ಹೊಡೆದು ಕೊಡುತ್ತಾರೆ. ಹಗ್ಗ ಪೋಣಿಸಿ ಹೊರಗಿನ ಕೊಂಡಿಗೆ ಕಟ್ಟಿದರೆ ಆಯಿತು. ಒಟ್ಟು ಸುಮಾರು 150 ಚದರ ಅಡಿ ಬೇಕು.

ತೆಳ್ಳಗಿನ, ಕೂದಲಿಲ್ಲದ ಪ್ಲಾಸ್ಟಿಕ್ ನೂಲಿನ ಕಾರ್ಪೆಟ್ ಆರಿಸಿ. ಉದ್ದ ಕೂದಲಿನದರಲ್ಲಿ ಉಸುಕು, ತೊಟ್ಟು ಸಿಕ್ಕಿಕೊಳ್ಳುತ್ತವೆ. ಕೆಳಗೆ ಸ್ಪಂಜು ಅಂಟಿಸಿದ್ದು ಮೆತ್ತಗಿದೆ ಎಂದು ಮರುಳಾಗಬೇಡಿ, ಅದು ನೀರು ಕುಡಿದು ಕೂರುತ್ತದೆ. ಹಾಸುವ ಮುಂಚೆ ತುಕ್ಕನ್ನು ತಂತಿ ಬ್ರಷ್‌ನಿಂದ ತಿಕ್ಕಿ ರೆಡ್ ಆಕ್ಸೈಡ್ ಹೊಡೆಯುವುದು ಒಳ್ಳೆಯದು.

ದಿನದ ಕೊನೆಯ ಖೇಪು ಮುಗಿದೊಡನೆ ಬಿಚ್ಚಿ, ತೊಳೆದು, ಗೋಡೆಯ ಮೇಲೆ ಹರವಿಬಿಡುತ್ತೇವೆ. ರಭಸ ಇದೆ ಎಂದು ಔಷಧಿ ಹೊಡೆಯುವ ಪಂಪಿನಿಂದ ಮಾತ್ರ ತೊಳೆಯಬಾರದು, ಅದರ ಪೈಪಿನಲ್ಲಿ ಏನೇನಿರುತ್ತದೋ. ಗೊಬ್ಬರ ಹೇರುವಾಗ ಕಾರ್ಪೆಟ್ ಒಳಗಿರಕೂಡದು. ಟ್ರೇಲರಿಗೆ ಬೆಸುಗೆ ಹಾಕಿಸುವಾಗಲೂ ಹೊರಗೆ ತೆಗೆಯಿರಿ, ಒಂದು ಕಿಡಿಗೆ ಕರಗಿ ಹತ್ತಿಕೊಳ್ಳುತ್ತದೆ.

ಇದರಿಂದ ತಳದ, ಅಂಚಿನ ಪೆಟ್ಟು ತಪ್ಪುತ್ತದೆ, ಅಷ್ಟೇ. ಕ್ರೇಟಿನ ಅಂಚಿಗಿಂತ ಮೇಲೆ ಹಣ್ಣು ತುಂಬಿದರೆ ಮೇಲಿನ ಕ್ರೇಟು ಅದನ್ನು ಹಿಂಡಿಯೇ ಹಿಂಡುತ್ತದೆ. ಡ್ರೈವರ್ ಹುಡುಗ ಹಳ್ಳದ ದಾರಿಯಲ್ಲಿ ಓಡಿಸಿದರೂ ಅದೇ ಕಥೆ. ಹೋದ ಹಂಗಾಮಿನಲ್ಲಿ ಅವನನ್ನೇ ಒಂದು ಖೇಪು ಹಿಂದೆ ಕ್ರೇಟಿನ ಮೇಲೆ ಕೂಡಿಸಿ ನಾನು ಓಡಿಸಿದೆ. ಆಮೇಲೆ ಎರಡನೇ ಗೇರ್ ಬಿಟ್ಟು ಮೇಲೆ ಹೋಗಿಲ್ಲ.