ಪ್ರೀತಿಯ ಸಂಬಂಧ ಮುರಿಯುವುದೇಕೆ? ಸಾಮಾನ್ಯ ಕಾರಣಗಳು ಮತ್ತು ಕಾಯಿಲೆಯ ಪಾತ್ರ

ಪ್ರೀತಿಯ ಸಂಬಂಧವಾಗಲಿ, ಮದುವೆಯಾಗಲಿ ಮುರಿದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ತಪ್ಪು ಯಾರದ್ದು?’ ಎಂಬುದು. ಆದರೆ ಎಷ್ಟೋ ಸಂಬಂಧಗಳು ಒಂದೇ ಘಟನೆಯಿಂದ ಮುರಿಯುವುದಿಲ್ಲ. ಸಣ್ಣ ಸಣ್ಣ ಕಾರಣಗಳು ದಿನವೂ ಸೇರಿಕೊಳ್ಳುತ್ತಾ ಹೋಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಚಿಕಿತ್ಸೆ ಇದೆ, ಕೆಲವನ್ನು ಮಾತಿನಿಂದ ಸರಿಪಡಿಸಬಹುದು. ಕೆಲವು ಸಂಬಂಧಗಳಿಂದ ಹೊರಬರುವುದೇ ಒಳ್ಳೆಯದು. ನಿಮ್ಮದು ಯಾವುದು ಎಂದು ಗುರುತಿಸಿಕೊಂಡರೆ ಮುಂದಿನ ನಿರ್ಧಾರ ಸುಲಭವಾಗುತ್ತದೆ.

1. ಜಗಳ ಆಡುವ ರೀತಿ

ಜಗಳವಿಲ್ಲದ ಮನೆ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ದಂಪತಿಗಳು ಮಾತಾಡುವ, ಜಗಳವಾಡುವ ರೀತಿಯನ್ನು ಹಲವು ವರ್ಷ ಅಧ್ಯಯನ ಮಾಡಿ, ಸಂಬಂಧಕ್ಕೆ ಹೆಚ್ಚು ಹಾನಿ ಮಾಡುವ 4 ಅಭ್ಯಾಸಗಳನ್ನು ಗುರುತಿಸಿದರು:

• ವ್ಯಕ್ತಿಯನ್ನೇ ದೂರುವುದು: ‘ಇವತ್ತು ಮಾತ್ರೆ ತರಲು ಮರೆತಿದ್ದೀಯ’ ಎನ್ನುವುದು ದೂರು. ‘ನಿನಗೆ ನನ್ನ ಮೇಲೆ ಯಾವತ್ತೂ ಕಾಳಜಿಯೇ ಇಲ್ಲ’ ಎನ್ನುವುದು ವ್ಯಕ್ತಿಯ ಮೇಲಿನ ಆರೋಪ.
• ಹೀಯಾಳಿಸುವುದು: ಅಣಕಿಸುವುದು, ಕೊಂಕು ಮಾತು, ತವರಿನವರನ್ನು ಹಂಗಿಸುವುದು. ನಾಲ್ಕರಲ್ಲಿ ಇದೇ ಅತ್ಯಂತ ಹಾನಿಕರ.
• ಸಮರ್ಥಿಸಿಕೊಳ್ಳುವುದು: ಎದುರಿನವರ ಮಾತು ಕೇಳುವ ಮೊದಲೇ ‘ನಾನೇನು ಮಾಡಿದೆ, ನೀನೇ ತಾನೆ’ ಎನ್ನುವುದು.
• ಮಾತು ಬಿಡುವುದು: ಉತ್ತರವನ್ನೇ ಕೊಡದೆ ದಿನಗಟ್ಟಲೆ ಮುಖ ತಿರುಗಿಸಿಕೊಂಡಿರುವುದು.

ಕೋಪ ಏರಿದಾಗ ಎದೆಬಡಿತ ಹೆಚ್ಚುತ್ತದೆ, ಎದುರಿನವರ ಮಾತು ತಲೆಗೆ ಹೋಗುವುದಿಲ್ಲ. ಅಂಥ ಹೊತ್ತಿನಲ್ಲಿ ‘ಈಗ ಬೇಡ, ಅರ್ಧ ಗಂಟೆ ಬಿಟ್ಟು ಮಾತಾಡೋಣ’ ಎಂದು ಹೇಳಿ ಎದ್ದು ಹೋಗಿ. ಹೇಳಿದ ಸಮಯಕ್ಕೆ ಮರಳಿ ಬನ್ನಿ. ಹಾಗೆ ಮರಳಿ ಬರುವುದರಿಂದಲೇ ಇದು ಮಾತು ಬಿಡುವುದಕ್ಕಿಂತ ಬೇರೆಯಾಗುತ್ತದೆ.

2. ಕಾಯಿಲೆಯನ್ನು ಪ್ರೀತಿ ಕಡಿಮೆಯಾಗಿದೆ ಎಂದು ತಿಳಿಯುವುದು

‘ಮೊದಲಿನ ಹಾಗೆ ಮಾತಾಡುವುದಿಲ್ಲ’, ‘ನನ್ನ ಹತ್ತಿರ ಬರುವುದಿಲ್ಲ’, ‘ಎಲ್ಲದಕ್ಕೂ ಸಿಡುಕುತ್ತಾರೆ’ ಎಂದು ನಿಮಗೆ ಅನ್ನಿಸುತ್ತಿದೆಯೇ? ಇದರ ಹಿಂದೆ ದೇಹದ ಅಥವಾ ಮನಸ್ಸಿನ ಕಾಯಿಲೆ ಇರಬಹುದು.

ಖಿನ್ನತೆ ಇದಕ್ಕೆ ಮುಖ್ಯ ಉದಾಹರಣೆ. 2 ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ, ಹೆಚ್ಚುಕಡಿಮೆ ಪ್ರತಿದಿನವೂ ಬೇಸರ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಜೊತೆಗೆ ನಿದ್ರೆ, ಹಸಿವು, ಶಕ್ತಿಯಲ್ಲಿ ಬದಲಾವಣೆ ಕಂಡರೆ ವೈದ್ಯರನ್ನು ನೋಡಬೇಕು. ಹೆರಿಗೆಯ ನಂತರವೂ ಖಿನ್ನತೆ ಬರಬಹುದು. ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದರೆ ಸುಸ್ತು, ಮಂಕು, ಲೈಂಗಿಕ ಆಸಕ್ತಿ ಕಡಿಮೆಯಾಗುವುದು ಸಾಮಾನ್ಯ. ಸಕ್ಕರೆ ಕಾಯಿಲೆ ಇರುವ ಗಂಡಸರಲ್ಲಿ ನಿಮಿರುವಿಕೆಯ ತೊಂದರೆ ಕಾಣಿಸಿಕೊಳ್ಳುತ್ತದೆ. ಖಿನ್ನತೆಯ ಕೆಲವು ಮಾತ್ರೆಗಳು ಮತ್ತು ಬಿ.ಪಿ.ಯ ಕೆಲವು ಮಾತ್ರೆಗಳಿಂದಲೂ ಲೈಂಗಿಕ ಆಸಕ್ತಿ ತಗ್ಗಬಹುದು.

ನಾಚಿಕೆಯಿಂದ ಇದನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಒಬ್ಬರು ದೂರ ಸರಿಯುತ್ತಾರೆ, ಇನ್ನೊಬ್ಬರು ‘ನಾನು ಬೇಡವಾದೆ’ ಎಂದುಕೊಳ್ಳುತ್ತಾರೆ. ವೈದ್ಯರಿಗೆ ಹೇಳಿದರೆ ಪ್ರಮಾಣ ಬದಲಿಸಬಹುದು, ಬೇರೆ ಔಷಧಿ ಕೊಡಬಹುದು. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

3. ಸಂಗಾತಿ ಬರೀ ಆರೈಕೆ ಮಾಡುವವರಾಗಿ ಉಳಿಯುವುದು

ಕ್ಯಾನ್ಸರ್, ಪಾರ್ಶ್ವವಾಯು, ಡಯಾಲಿಸಿಸ್ ಬೇಕಾಗುವ ಕಿಡ್ನಿ ಕಾಯಿಲೆಯಂಥವು ಬಂದಾಗ ಮನೆಯ ಮಾತೆಲ್ಲ ಔಷಧಿ, ರಿಪೋರ್ಟ್, ಬಿಲ್ಲಿನ ಸುತ್ತಲೇ ಸುತ್ತುತ್ತದೆ. ರೋಗಿಗೆ ‘ನಾನು ಹೊರೆ’ ಎಂಬ ಸಂಕೋಚ, ಆರೈಕೆ ಮಾಡುವವರಿಗೆ ಹೇಳಿಕೊಳ್ಳಲಾಗದ ದಣಿವು. ಮುಂಬೈ, ಪುಣೆ, ದೆಹಲಿಯಂಥ ಊರುಗಳಲ್ಲಿ ಇಬ್ಬರೇ ಇರುವ ಮನೆಯಾದರೆ ಭಾರವೆಲ್ಲ ಒಬ್ಬರ ಮೇಲೆಯೇ ಬೀಳುತ್ತದೆ. ಅಮ್ಮನೋ ಅಕ್ಕನೋ ಬಂದಿರಲು ಊರು ಹತ್ತಿರವಿರುವುದಿಲ್ಲ.

2009ರಲ್ಲಿ ‘ಕ್ಯಾನ್ಸರ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಗಂಭೀರ ಕಾಯಿಲೆಯ 515 ವಿವಾಹಿತ ರೋಗಿಗಳನ್ನು ಗಮನಿಸಿತು. ಹೆಂಡತಿ ರೋಗಿಯಾಗಿದ್ದಾಗ ಶೇ. 20.8ರಷ್ಟು ದಾಂಪತ್ಯಗಳು ಮುರಿದವು. ಗಂಡ ರೋಗಿಯಾಗಿದ್ದಾಗ ಈ ಪ್ರಮಾಣ ಶೇ. 2.9 ಮಾತ್ರ. ಇದು ಅಲ್ಲಿನ ಅಂಕಿ, ನಮ್ಮ ದೇಶಕ್ಕೆ ಹಾಗೆಯೇ ಅನ್ವಯಿಸುವಂತಿಲ್ಲ. ಆದರೂ ಹೆಂಡತಿ ಹಾಸಿಗೆ ಹಿಡಿದಾಗ ಅವಳನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಪ್ರತಿ ಮನೆಯೂ ಕೇಳಿಕೊಳ್ಳಬೇಕು.

ವಾರದಲ್ಲಿ ಕೆಲವು ಗಂಟೆಗಳಾದರೂ ಆರೈಕೆಯ ಕೆಲಸವನ್ನು ಬೇರೆಯವರಿಗೆ ವಹಿಸಿ. ದಿನದಲ್ಲಿ ಸ್ವಲ್ಪ ಹೊತ್ತು ಕಾಯಿಲೆಯ ಮಾತೇ ಬೇಡ. ಒಟ್ಟಿಗೆ ಕಾಫಿ ಕುಡಿಯಿರಿ, ಹಾಡು ಕೇಳಿ.

4. ನಂಬಿಕೆ ಮುರಿಯುವುದು

ಇನ್ನೊಬ್ಬರ ಜೊತೆಗಿನ ಸಂಬಂಧವೊಂದೇ ನಂಬಿಕೆದ್ರೋಹವಲ್ಲ. ಮುಚ್ಚಿಟ್ಟ ಸಾಲ, ಆನ್‌ಲೈನ್ ಜೂಜು, ಕುಡಿತ, ಮರೆಮಾಚಿದ ಕಾಯಿಲೆ ಇವೆಲ್ಲ ಅದೇ ಗಾಯ ಮಾಡುತ್ತವೆ. ಕುಡಿತ ಮತ್ತು ಜೂಜಿನ ಚಟಕ್ಕೆ ಚಿಕಿತ್ಸೆ ಇದೆ. ಆದರೆ ಚಿಕಿತ್ಸೆಗೆ ಹೋಗಬೇಕಾದವರು ಅವರೇ. ಅವರ ಚಟವನ್ನು ನಿಮ್ಮ ಪ್ರೀತಿಯೊಂದರಿಂದಲೇ ಬಿಡಿಸಲು ಆಗದಿದ್ದರೆ ಅದು ನಿಮ್ಮ ಸೋಲಲ್ಲ.

5. ಬೇರೆ ಬೇರೆ ದಾರಿ

ಮಗು ಬೇಕೇ ಬೇಡವೇ, ಊರಿಗೆ ಮರಳಬೇಕೇ, ಅತ್ತೆ-ಮಾವನ ಜೊತೆ ಇರಬೇಕೇ, ಬೇರೆ ಜಾತಿಯ ಸಂಬಂಧವನ್ನು ಮನೆಯವರು ಒಪ್ಪುತ್ತಾರೆಯೇ ಎಂಬ ಪ್ರಶ್ನೆಗಳನ್ನು ಮುಂದೂಡುತ್ತಾ ಹೋದವರು ಒಂದು ದಿನ ಉತ್ತರ ಕೊಡಲೇಬೇಕಾಗುತ್ತದೆ. ಇಲ್ಲಿ ಯಾರದ್ದೂ ತಪ್ಪಿಲ್ಲದಿರಬಹುದು. ಇಬ್ಬರೂ ಒಳ್ಳೆಯವರಾಗಿದ್ದೂ ಬೇರೆಯಾಗಬಹುದು.

ಯಾವ ಸಂಬಂಧದಿಂದ ಹೊರಬರಬೇಕು?

ಹೊಡೆತ, ಬೆದರಿಕೆ, ಬಲವಂತದ ಲೈಂಗಿಕ ಕ್ರಿಯೆ, ಔಷಧಿ ಅಥವಾ ಹಣವನ್ನು ತಡೆಹಿಡಿಯುವುದು, ಯಾರೊಂದಿಗೂ ಮಾತಾಡಲು ಬಿಡದಿರುವುದು ಇವು ‘ಸರಿಹೋಗುವ ಜಗಳ’ಗಳಲ್ಲ. ಕಾಯಿಲೆಯ ಸಿಟ್ಟು ಎಂದು ಸಹಿಸಿಕೊಳ್ಳುತ್ತಾ ಕೂರಬೇಡಿ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಪತ್ನಿಯರಿಗಷ್ಟೇ ಸೀಮಿತವಲ್ಲ, ಮದುವೆಯಾಗದೆ ಮದುವೆಯಂತಹ ಸಂಬಂಧದಲ್ಲಿ ಒಟ್ಟಿಗಿರುವ ಮಹಿಳೆಯರಿಗೂ ರಕ್ಷಣೆ ಕೊಡುತ್ತದೆ. ಮಹಿಳಾ ಸಹಾಯವಾಣಿ 181, ತುರ್ತು ಸಹಾಯಕ್ಕೆ 112.

ನಿರ್ಧಾರಕ್ಕೆ ಮುನ್ನ

ನೀವು ಸುರಕ್ಷಿತವಾಗಿದ್ದರೆ ಈ 3 ಪ್ರಶ್ನೆಗಳನ್ನು ಕೇಳಿಕೊಳ್ಳಿ:

• ಈ ಬದಲಾವಣೆ ಯಾವಾಗ ಶುರುವಾಯಿತು? ಆಗ ಕಾಯಿಲೆ, ಹೊಸ ಮಾತ್ರೆ, ಹೆರಿಗೆ, ಕೆಲಸ ಹೋಗಿದ್ದು ಇಂಥದ್ದೇನಾದರೂ ನಡೆದಿತ್ತೇ?
• ನನಗೆ ಬೇಕಾದದ್ದನ್ನು ಬಾಯಿಬಿಟ್ಟು ಹೇಳಿದ್ದೇನೆಯೇ, ಅಥವಾ ಅವರಿಗೇ ಗೊತ್ತಾಗಬೇಕು ಎಂದು ಕಾಯುತ್ತಿದ್ದೇನೆಯೇ?
• ಸರಿಪಡಿಸಲು ಇಬ್ಬರೂ ಸಿದ್ಧರಿದ್ದೇವೆಯೇ?

ಮೊದಲ ಪ್ರಶ್ನೆಗೆ ಉತ್ತರ ‘ಹೌದು’ ಎಂದಾದರೆ ವಕೀಲರಿಗಿಂತ ಮೊದಲು ವೈದ್ಯರನ್ನು ನೋಡಿ. ತೀವ್ರ ಖಿನ್ನತೆಯಲ್ಲಿರುವಾಗ ಎಲ್ಲವೂ ಮುಗಿದಂತೆ ಕಾಣುತ್ತದೆ. ಸಾಧ್ಯವಾದರೆ ದೊಡ್ಡ ನಿರ್ಧಾರವನ್ನು ಚಿಕಿತ್ಸೆ ಶುರುವಾಗಿ ಮನಸ್ಸು ತಿಳಿಯಾಗುವವರೆಗೆ ಮುಂದೂಡಿ. ದಂಪತಿ ಆಪ್ತಸಮಾಲೋಚನೆಯಿಂದ ಸಹಾಯವಾಗಬೇಕಾದರೆ ಇಬ್ಬರೂ ಹೋಗಬೇಕು.

ಸಂಬಂಧ ಮುಗಿದ ಮೇಲೆ

ನಿದ್ರೆ ಬಾರದಿರುವುದು, ಹಸಿವಿಲ್ಲದಿರುವುದು, ಅಳು ಉಕ್ಕುವುದು ಕೆಲವು ವಾರಗಳ ಕಾಲ ಸಹಜ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ನಿಮ್ಮ ಮಾತ್ರೆಗಳನ್ನು ತಪ್ಪಿಸಬೇಡಿ, ನಂಬಿದವರೊಬ್ಬರಿಗೆ ವಿಷಯ ತಿಳಿಸಿ. ಎದೆನೋವು ಅಥವಾ ಉಸಿರಾಟದ ತೊಂದರೆ ಬಂದರೆ ‘ಬೇಜಾರಿಗೆ ಹೀಗಾಗಿದೆ’ ಎಂದು ಬಿಡದೆ ಕೂಡಲೇ ಆಸ್ಪತ್ರೆಗೆ ಹೋಗಿ. ತೀವ್ರ ದುಃಖವೂ ಹೃದಯದ ಮೇಲೆ ಪರಿಣಾಮ ಬೀರಬಲ್ಲದು.

ಬದುಕು ಬೇಡ ಅನ್ನಿಸಿದರೆ, ಅಥವಾ ಮನೆಯವರೊಬ್ಬರು ಹಾಗೆಂದರೆ, ಒಂಟಿಯಾಗಿರಬೇಡಿ, ಅವರನ್ನೂ ಒಂಟಿಯಾಗಿ ಬಿಡಬೇಡಿ. ಕೇಂದ್ರ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಅದರ ಸೇವಾ ಭಾಷೆಗಳಲ್ಲಿ ಕನ್ನಡವೂ ಇದೆ. ಪರ ಊರಿನಲ್ಲಿದ್ದರೂ ನಿಮ್ಮ ನೋವನ್ನು ನಿಮ್ಮ ಭಾಷೆಯಲ್ಲೇ ಹೇಳಿಕೊಳ್ಳಲು ಕೇಳಿ.