ಸವೆದ ಸೈಕಲ್ ಟಾಯರಿಗೆ ಒಳಪಟ್ಟಿ: ಜಾಲಿ ಮುಳ್ಳಿಗೆ ಮನೆಯಲ್ಲೇ ಉಪಾಯ

ಹೋದ ವರ್ಷ ಮೆಣಸಿನಗಿಡ ಹೂವಿಗೆ ಬಂದಾಗಿನ ಮಾತು. ನಮ್ಮ ಹೊಲಕ್ಕೆ ನೀರಿನ ಪಾಳಿ ಬೆಳಗಿನ ಜಾವ ನಾಲ್ಕಕ್ಕೆ. ಕೊಳಗಲ್ಲಿನ ಮನೆಯಿಂದ ಹೊಲ ಐದು ಕಿಲೋಮೀಟರ್. ಬೈಕನ್ನು ತಮ್ಮ ಬಳ್ಳಾರಿಗೆ ಜೀನ್ಸ್ ಹೊಲಿಯೋ ಕೆಲಸಕ್ಕೆ ಒಯ್ತಾನೆ, ನನ್ನ ಪಾಲಿಗೆ ಅಪ್ಪನ ಕಾಲದ 28 ಇಂಚಿನ ಸೈಕಲ್ಲೇ ಗತಿ. ಒಂದೂವರೆ ಕಿಲೋಮೀಟರ್ ಆಗಿರಲಿಲ್ಲ, ಹಿಂದಿನ ಚಕ್ರ ಕುಂತೇಬಿಡ್ತು. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಜಾಲಿ ಮುಳ್ಳು. ತಳ್ಳಿಕೊಂಡು ಹೊಲ ಮುಟ್ಟೋಷ್ಟರಲ್ಲಿ ಪಾಳಿಯಲ್ಲಿ ಅರ್ಧ ತಾಸಿನ ಮೇಲೆ ಹೋಗಿತ್ತು. ಕೊನೆಯ ಎಂಟು ಸಾಲು ಒಣಗಿಯೇ ಉಳಿದವು. ಮುಂದಿನ ಪಾಳಿ ಬರೋದ್ರೊಳಗೆ ಆ ಸಾಲುಗಳ ಹೂವೆಲ್ಲ ಉದುರಿದ್ದವು.

ಮರುದಿನ ಪಂಚರ್ ಅಂಗಡಿಯ ಚಾಚಾ ಟ್ಯೂಬನ್ನು ನೀರಿನಲ್ಲಿ ಅದ್ದಿ, "ಇದರಾಗ ಆರು ತ್ಯಾಪಿ ಅದಾವ. ಟ್ಯೂಬಿಂದು ತಪ್ಪಿಲ್ಲ ಬಿಡೋ ತಮ್ಮಾ, ಟಾಯರ್ ಹಪ್ಪಳ ಆಗೈತಿ" ಅಂದರು. ಹೊಸ ಟಾಯರಿಗೆ ಆ ವಾರ ನನ್ನ ಹತ್ತಿರ ದುಡ್ಡಿರಲಿಲ್ಲ. ಒಳಪಟ್ಟಿಯ ಕಥೆ ಶುರುವಾಗಿದ್ದು ಅಲ್ಲಿಂದ.

ಮೊದಲು ಶತ್ರು ಯಾರು ಅಂತ ತಿಳ್ಕೊಳ್ರಿ. ರಾಜ್ಯದ ತುಂಬ ಈ ಗಿಡಕ್ಕೆ 'ಬಳ್ಳಾರಿ ಜಾಲಿ' ಅಂತ ನಮ್ಮ ಊರಿನ ಹೆಸರನ್ನೇ ಇಟ್ಟಿದ್ದಾರೆ. ಅಸಲಿಗೆ ಅದು ನಮ್ಮದಲ್ಲ. ಅಮೆರಿಕ ಖಂಡದ ಗಿಡ, 1870ರ ದಶಕದಲ್ಲಿ ಭಾರತಕ್ಕೆ ತಂದದ್ದು. ಕುರಿ, ಮೇಕೆ ಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಹುಟ್ಟುತ್ತದೆ. ಬೇಲಿಗೆ ಅಂತ ಕೊಂಬೆ ಕಡಿದು ದಾರಿಯಲ್ಲಿ ಎಳೆದುಕೊಂಡು ಹೋಗೋರು ನಾವೇ, ಆಮೇಲೆ ಪಂಚರ್ ಅಂತ ಬೈಯೋರೂ ನಾವೇ. ಇನ್ನೊಂದು ನೆಗ್ಗಿಲ ಮುಳ್ಳು. ಅದರ ಕಾಯಿ ಒಡೆದರೆ ಐದು ಹೋಳು. ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುತ್ತದೆ. ಅಮೆರಿಕದಲ್ಲಿ ಆ ಬಳ್ಳಿಯನ್ನು 'ಪಂಕ್ಚರ್ ಬಳ್ಳಿ' ಅಂತಲೇ ಕರೀತಾರೆ.

ನಾನು ಮಾಡಿದ ಮೊದಲ ಪ್ರಯೋಗ ಹಾಳಾಯ್ತು. ಹಳೇ ಡ್ರಿಪ್ ಪೈಪನ್ನು ಉದ್ದಕ್ಕೆ ಸೀಳಿ ಟಾಯರ್ ಒಳಗಿಟ್ಟೆ. ಎಂಟೇ ದಿನದಲ್ಲಿ ಪೈಪಿನ ಅಂಚು ಚಾಕುವಿನಂತೆ ಟ್ಯೂಬನ್ನು ಕೊರೆದಿತ್ತು. ನೀರಿನ ಬಾಟಲಿಯ ಪ್ಲಾಸ್ಟಿಕ್ ಕತ್ತರಿಸಿ ಹಾಕಿದರೂ ಅದೇ ಪಾಡು. ಆಮೇಲೆ ತಮ್ಮ ತಂದ ಜೀನ್ಸ್ ತುಂಡುಗಳನ್ನು ಎರಡು ಪದರ ಮಾಡಿ ಹಾಕಿದೆ. ಕಾಲುವೆ ದಂಡೆಯ ಕೆಸರಿನಲ್ಲಿ ನೆನೆದು ಒಂದೇ ಕಡೆ ಮುದ್ದೆಯಾಯ್ತು, ಮರಳು ಹೊಕ್ಕು ಟ್ಯೂಬನ್ನು ಉಜ್ಜಿತು. ಬಟ್ಟೆ ಬೇಡವೇ ಬೇಡ.

ಕೆಲಸಕ್ಕೆ ಬಂದದ್ದು ಇನ್ನೊಂದು ಹಳೇ ಸೈಕಲ್ ಟಾಯರ್. ನಡುಭಾಗ ಸವೆದಿದ್ದರೂ ನಡೀತದೆ, ದಾರ ಹರಿದಿರಬಾರದು. ಎರಡೂ ಅಂಚಿನ ತಂತಿಯನ್ನು ಪಕ್ಕದ ಗೋಡೆ ಸಮೇತ ಚೂಪಾದ ಚಾಕುವಿನಿಂದ ಕತ್ತರಿಸಿ ಬಿಸಾಡ್ರಿ. ನಡುವಿನ ಪಟ್ಟಿ ಒಂದೂ ಕಾಲು ಇಂಚು ಅಗಲ ಉಳಿದರೆ ಸಾಕು. ಸೈಕಲ್ಲಿನ ಟಾಯರ್ ಒಳಗೆ ಅದನ್ನು ಸುತ್ತಿ ಅಳತೆ ನೋಡಿ, ಸುಮಾರು ಏಳು ಅಡಿ ಮೇಲೆ ಬೇಕಾಗುತ್ತದೆ. ಎರಡು ತುದಿ ಒಂದರ ಮೇಲೊಂದು ಒಂದಿಂಚು ಕೂರಬೇಕು. ಎಲ್ಲರೂ ಎಡವೋದು ಇಲ್ಲೇ. ತುದಿಗಳನ್ನು ಓರೆಯಾಗಿ ಕತ್ತರಿಸಿ, ಕಲ್ಲಿಗೆ ಉಜ್ಜಿ ಕಾಗದದಷ್ಟು ತೆಳ್ಳಗೆ ಮಾಡಬೇಕು. ಉದ್ದಂಚುಗಳನ್ನೂ ಹಾಗೇ ಉಜ್ಜಬೇಕು. ಬೆರಳಾಡಿಸಿದರೆ ಮೆಟ್ಟಿಲು ಸಿಗಬಾರದು. ನನಗೆ ಒಂದು ಚಕ್ರಕ್ಕೆ ಎರಡು ತಾಸು ಹಿಡೀತು, ಅದರಲ್ಲಿ ಒಂದೂವರೆ ತಾಸು ಉಜ್ಜಿದ್ದೇ.

ಪಟ್ಟಿ ಹಾಕೋ ಮುಂಚೆ ಟಾಯರ್ ಒಳಗೆ ಬಟ್ಟೆ ಸುತ್ತಿದ ಕೈ ಆಡಿಸಿ. ಮುರಿದು ಉಳಿದ ಮುಳ್ಳಿನ ತುದಿ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಮೊದಲು ಅದನ್ನು ಕಿತ್ತು ತೆಗೀರಿ. ಮೂರು ದಿನಕ್ಕೊಮ್ಮೆ ಅದೇ ಜಾಗದಲ್ಲಿ ಪಂಚರ್ ಆಗ್ತಿದ್ದರೆ ಕಾರಣ ಇದೇ.

ಇನ್ನು ಟ್ಯೂಬಿಗೆ ಒಂದು ಅಂಗಿ ತೊಡಿಸಿ. ತ್ಯಾಪೆ ಹಾಕಿ ಸಾಕಾದ ಹಳೇ ಟ್ಯೂಬನ್ನು ರಿಮ್ಮಿನ ಕಡೆ, ಅಂದರೆ ವಾಲ್ ಇರುವ ಒಳಬದಿಯಲ್ಲಿ, ಉದ್ದಕ್ಕೆ ಸೀಳಿ. ವಾಲ್ ಕಿತ್ತು, ಚಾಲ್ತಿ ಟ್ಯೂಬಿನ ಮೇಲೆ ಕವಚದಂತೆ ಹೊದಿಸಿ. ಪಟ್ಟಿಯ ಅಂಚು ಉಜ್ಜಿದರೂ ಹಳೇ ಟ್ಯೂಬನ್ನೇ ಉಜ್ಜುತ್ತದೆ. ನಡುವೆ ಒಂದಿಷ್ಟು ಮುಖದ ಪೌಡರ್ ಉದುರಿಸಿ. ಅಂಟು ಬೇಡ, ಗಾಳಿಯ ಒತ್ತಡವೇ ಪಟ್ಟಿಯನ್ನು ಹಿಡಿದಿಡುತ್ತದೆ. ಮೊದಲು ಅರ್ಧ ಗಾಳಿ ಹೊಡೆದು, ಚಕ್ರ ತಿರುಗಿಸಿ ಟಾಯರ್ ಎಲ್ಲಾದರೂ ಉಬ್ಬಿದೆಯಾ ನೋಡಿ, ಆಮೇಲೆ ಪೂರ್ತಿ ಗಾಳಿ.

ಎಲ್ಲ ಪಂಚರಿಗೂ ಪಟ್ಟಿ ಮದ್ದಲ್ಲ. ಟ್ಯೂಬಿನ ತೂತು ರಿಮ್ಮಿನ ಕಡೆ ಇದ್ದರೆ ಅದು ಕಡ್ಡಿಯ ತುದಿ ಚುಚ್ಚಿದ್ದು, ರಿಮ್ಮಿನ ಪಟ್ಟಿ ಬದಲಿಸಿ. ಅಕ್ಕಪಕ್ಕ ಎರಡು ತೂತು ಇದ್ದರೆ ಗಾಳಿ ಕಡಿಮೆ ಇದ್ದಾಗ ಕಲ್ಲಿಗೆ ಹೊಡೆದು ಟ್ಯೂಬ್ ರಿಮ್ಮಿಗೆ ಸಿಕ್ಕಿ ಹರಿದದ್ದು. ಎರಡು ಇಂಚಿನ ಜಾಲಿ ಮುಳ್ಳು ನೆಟ್ಟಗೆ ನಿಂತರೆ ಪಟ್ಟಿಯನ್ನೂ ದಾಟಬಹುದು. ನೆಗ್ಗಿಲ ಮುಳ್ಳಿಗೆ ಮಾತ್ರ ಈ ದಪ್ಪ ದಾಟೋ ಉದ್ದ ಇಲ್ಲ. ಟಾಯರಿನ ಪಕ್ಕದ ಗೋಡೆ ಸೀಳಿದ್ದರೆ, ದಾರ ಹೊರಗೆ ಕಾಣ್ತಿದ್ದರೆ, ಅಂಚಿನ ತಂತಿ ಮುರಿದಿದ್ದರೆ ಪಟ್ಟಿ ಹಾಕಿ ಕೈ ತೊಳ್ಕೊಬ್ಯಾಡ್ರಿ, ಟಾಯರ್ ಬದಲಿಸ್ರಿ. ಲಾರಿ ಓಡಾಡೋ ರಸ್ತೆಯಲ್ಲಿ ಟಾಯರ್ ಸಿಡಿದರೆ ಹೋಗೋದು ಮೂವತ್ತು ರೂಪಾಯಿ ಅಲ್ಲ.

ಸೈಕಲ್ ಸ್ವಲ್ಪ ಭಾರ ಆಗುತ್ತೆ, ಸುಳ್ಳು ಹೇಳೋದಿಲ್ಲ. ಅದಕ್ಕೇ ನಾನು ಹೊರೆ ಬೀಳೋ ಹಿಂದಿನ ಚಕ್ರಕ್ಕೆ ಮಾತ್ರ ಹಾಕಿದ್ದೇನೆ. ಏಳು ತಿಂಗಳಾಯ್ತು. ಈ ನಡುವೆ ಎರಡು ಸಲ ಗಾಳಿ ಹೋಗಿದೆ. ಒಂದು ವಾಲ್ ಟ್ಯೂಬ್ ಹರಿದು, ಇನ್ನೊಂದು ಮುಂದಿನ ಚಕ್ರದ್ದು. ಮುಂದಿನದಕ್ಕೂ ಹಳೇ ಟಾಯರ್ ಒಂದು ಎತ್ತಿಡ್ರಿ ಅಂತ ಚಾಚಾಗೆ ಹೇಳಿ ಬಂದಿದ್ದೇನೆ.